ಮೂರು ವರ್ಷ, 22,400 ಕಿಲೋಮೀಟರ್: ಬದಿಯಡ್ಕದ ಗುಡ್ಡದ ದಾರಿಯಲ್ಲಿ ನನ್ನ ಕರೆಂಟ್ ಸ್ಕೂಟರ್

2022ರ ಆಗಸ್ಟ್‌ನಲ್ಲಿ ಈ ಸ್ಕೂಟರ್ ತೆಗೆದುಕೊಂಡೆ. ಕಂಪನಿಯ ಹೆಸರು ಬರೆಯುವುದಿಲ್ಲ. ಬೇರೆ ಬೇರೆ ಕಂಪನಿಯ ಗಾಡಿ ಇರುವ ನಾಲ್ಕೈದು ಜನರ ಹತ್ತಿರ ಮಾತಾಡಿದ್ದೇನೆ, ಹೆಚ್ಚು ಕಡಿಮೆ ಎಲ್ಲರದ್ದೂ ಇದೇ ಕತೆ. ಹಾಗಾಗಿ ಹೆಸರಿಗಿಂತ ವಿಷಯ ಮುಖ್ಯ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ಮೇಲೆ. ನಾನು ಕಲಿಸುವ ಶಾಲೆ ಪೆರ್ಲದ ಕಡೆ, ಅಡಿಕೆ ತೋಟಗಳ ನಡುವಿನ ತಗ್ಗಿನಲ್ಲಿ. ಹೋಗಲು 13 ಕಿಲೋಮೀಟರ್, ಬರಲು 13. ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಓಡಾಡಿದವರಿಗೆ ದಾರಿ ಹೇಗಿದೆ ಅಂತ ವಿವರಿಸುವುದು ಬೇಡ. ಏರು ಮುಗಿದ ಕೂಡಲೇ ಇಳಿಜಾರು, ಇಳಿದಲ್ಲಿ ತಿರುವು, ತಿರುವಿನ ಆಚೆ ಮತ್ತೆ ಏರು. ಸಮತಟ್ಟು ಅಂತ ಒಂದು ಫರ್ಲಾಂಗು ಸಿಕ್ಕಿದರೆ ಪುಣ್ಯ.

ಮೊದಲು ಓಟದ ವಿಷಯ. ಬ್ಯಾಟರಿ 3 ಕಿಲೋವ್ಯಾಟ್ ಅವರ್‌ನದ್ದು, ಅಂದರೆ 3 ಯೂನಿಟ್ ಕರೆಂಟು ಹಿಡಿಸುವಷ್ಟು. ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ 110 ಕಿಲೋಮೀಟರ್‌ಗಿಂತ ಜಾಸ್ತಿ ಓಡುತ್ತದೆ ಅಂತ ಶೋರೂಮಿನಲ್ಲಿ ಹೇಳಿದ್ದರು. ಹೊಸತರಲ್ಲಿ ನನಗೆ ಸಿಕ್ಕಿದ್ದು 78. ಹಿಂದೆ ಯಜಮಾನರು ಕೂತರೆ 65. ಈಗ ಒಬ್ಬಳೇ ಹೋದರೆ 70. ಅವರು ಹೇಳುವ ಲೆಕ್ಕ ಬರುವುದು ಪರೀಕ್ಷೆಯ ಕೋಣೆಯಲ್ಲಿ, ಉರುಳೆಗಳ ಮೇಲೆ ಚಕ್ರ ಓಡಿಸಿ. ಅಲ್ಲಿ ಏರು ಇಲ್ಲ, ಮಳೆ ಇಲ್ಲ, ಬೆನ್ನ ಹಿಂದೆ ಅಕ್ಕಿ ಚೀಲ ಇಲ್ಲ. ನಮ್ಮ ಕಡೆಯವರು ಕಂಪನಿ ಹೇಳಿದ್ದರಲ್ಲಿ ಮೂರನೇ ಎರಡು ಪಾಲು ಅಂತ ಹಿಡಿದುಕೊಂಡರೆ ಮೋಸ ಹೋಗುವುದಿಲ್ಲ. ಮೂರು ವರ್ಷದಲ್ಲಿ ಎಂಟು ಕಿಲೋಮೀಟರ್ ಕಡಿಮೆಯಾದದ್ದು ದೊಡ್ಡ ನಷ್ಟ ಅಂತ ನನಗೆ ಅನಿಸುವುದಿಲ್ಲ. ಬ್ಯಾಟರಿಯ ಬಗ್ಗೆ ನನ್ನ ದೂರು ಇಲ್ಲ. ಮೋಟರಿನ ಬಗ್ಗೆಯೂ ಇಲ್ಲ. ಎಂಥ ಏರಿನಲ್ಲೂ ಹಿಂಜರಿದಿಲ್ಲ.

ಗುಡ್ಡದ ಮೇಲೆ ಮನೆ ಇರುವವರು ಒಂದು ವಿಷಯ ತಿಳಿದಿರಲೇಬೇಕು, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಆಕ್ಸಿಲೇಟರ್ ಬಿಟ್ಟಾಗ ಇಂಥ ಗಾಡಿಯ ಮೋಟರ್ ತಿರುಗಿ ಜನರೇಟರಿನ ಹಾಗೆ ಕೆಲಸ ಮಾಡುತ್ತದೆ. ಸ್ವಲ್ಪ ಕರೆಂಟು ಬ್ಯಾಟರಿಗೆ ವಾಪಸ್ ಹೋಗುತ್ತದೆ, ಗಾಡಿಯ ವೇಗವೂ ಇಳಿಯುತ್ತದೆ. ಆದರೆ ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಹೋಗಲು ಜಾಗ ಇಲ್ಲ. ಆಗ ಈ ಹಿಡಿತವೂ ಇರುವುದಿಲ್ಲ. ಮೊದಲ ತಿಂಗಳು ರಾತ್ರಿ ನೂರಕ್ಕೆ ನೂರು ಚಾರ್ಜ್ ಮಾಡಿ, ಬೆಳಿಗ್ಗೆ ನಮ್ಮ ಮನೆಯ ಇಳಿಜಾರಿಗೆ ಇಳಿಸಿದೆ. ಗಾಡಿ ಜಾರಿದ ಹಾಗೆ ಓಡಿತು. ಎರಡೂ ಬ್ರೇಕ್ ಒತ್ತಿ ಹಿಡಿದು ಕೆಳಗಿನ ಮೋರಿಯ ಹತ್ತಿರ ನಿಲ್ಲಿಸುವಾಗ ಕೈ ನಡುಗುತ್ತಿತ್ತು. ಅಂದಿನಿಂದ ಇವತ್ತಿನವರೆಗೆ 90 ದಾಟಿ ಚಾರ್ಜ್ ಮಾಡಿಲ್ಲ. ಬ್ಯಾಟರಿಗೂ ಅದೇ ಒಳ್ಳೆಯದು.

ಖರ್ಚಿನ ಲೆಕ್ಕ ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಶಾಲೆ ಇರುವ ತಿಂಗಳು 650 ಕಿಲೋಮೀಟರ್, ಸುಮಾರು 28 ಯೂನಿಟ್. ಹಳೆಯ ಪೆಟ್ರೋಲ್ ಸ್ಕೂಟರ್ ಇಷ್ಟೇ ದೂರಕ್ಕೆ 14 ಲೀಟರ್ ಕುಡಿಯುತ್ತಿತ್ತು. ಕಾಸರಗೋಡಿನವರು ಪೆಟ್ರೋಲ್ ಅಗ್ಗ ಅಂತ ತಲಪಾಡಿಯ ಗಡಿ ದಾಟಿ ಕರ್ನಾಟಕದಲ್ಲಿ ಹಾಕಿಸಿಕೊಂಡು ಬರುವವರು, ಅಷ್ಟು ಹಣ ಉಳಿಸುವುದರಲ್ಲೇ ನಮಗೆ ಸಮಾಧಾನ. ಈಗ 1,500 ರೂಪಾಯಿ ಜಾಗದಲ್ಲಿ 240 ರೂಪಾಯಿ ಆಗುತ್ತಿದೆ. ಆದರೆ ಒಂದು ಎಚ್ಚರಿಕೆ. ಕೇರಳದಲ್ಲಿ ಮನೆಯ ಕರೆಂಟು ತಿಂಗಳಿಗೆ 250 ಯೂನಿಟ್ ದಾಟಿದರೆ ಹಂತ ಹಂತದ ಲೆಕ್ಕ ಇಲ್ಲವಾಗುತ್ತದೆ. ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ ಒಂದೇ ದೊಡ್ಡ ದರ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವ ಕಾರಣ ಕೈಗೆ ಬಂದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಸೆಕೆಗಾಲದಲ್ಲಿ ನಾವು ವಾರಕ್ಕೊಮ್ಮೆ ಮೀಟರ್ ನೋಡುತ್ತೇವೆ.

ನಾನು ಕೊಂಡಾಗ ಕೇಂದ್ರ ಸರ್ಕಾರದ ಸಬ್ಸಿಡಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಇತ್ತು. 2023ರ ಜೂನ್‌ನಿಂದ ಅದು 10,000ಕ್ಕೆ ಇಳಿಯಿತು. ಆಮೇಲೆ ಇನ್ನೂ ಕಡಿಮೆ ಮಾಡಿದರು. ಹೊಸದಾಗಿ ಕೊಳ್ಳುವವರು ನನ್ನ ಲೆಕ್ಕವನ್ನು ಹಾಗೆಯೇ ನಂಬಬೇಡಿ, ನಿಮ್ಮ ಬೆಲೆ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿ.

ಬೆಂಕಿಯ ಭಯ ಇತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇತ್ತು. ನಾನು ಕೊಂಡ ವರ್ಷವೇ ಮಾರ್ಚ್-ಏಪ್ರಿಲ್‌ನಲ್ಲಿ ದೇಶದ ಅಲ್ಲಲ್ಲಿ ಸ್ಕೂಟರ್‌ಗಳು ಹೊತ್ತಿ ಉರಿದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಅತ್ತೆ ಅಂತೂ ಗಾಡಿಯನ್ನು ಚಾವಡಿಯ ಹತ್ತಿರ ತರಲು ಬಿಡಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮವನ್ನು ಬಿಗಿ ಮಾಡಿ ಜಾರಿಗೆ ತಂದದ್ದು 2022ರ ಡಿಸೆಂಬರ್‌ನಿಂದ, ಉಳಿದ ಭಾಗ 2023ರ ಮಾರ್ಚ್ ಕೊನೆಗೆ. ನನ್ನದು ಅದಕ್ಕಿಂತ ಮುಂಚಿನದು. ಹಾಗಾಗಿ ಮನೆಯಿಂದ ದೂರ, ಅಂಗಳದ ಬದಿಯಲ್ಲಿ ಒಂದು ಶೀಟಿನ ಮಾಡು ಹಾಕಿಸಿದೆವು. ಅಡಿಕೆ ಚೀಲ, ಸೋಗೆ, ಸೌದೆ ಯಾವುದೂ ಅದರ ಹತ್ತಿರ ಇಲ್ಲ. 16 ಆಂಪಿಯರಿನ ಪ್ಲಗ್, ಅದಕ್ಕೆಂದೇ ಬೇರೆ ವಯರು, ಹೊಸ ಅರ್ತಿಂಗ್. ಸಂಜೆ ಬಂದು ಒಂದು ಗಂಟೆ ಬಿಟ್ಟು, ಬ್ಯಾಟರಿ ತಣಿದ ಮೇಲೆ ಚಾರ್ಜಿಗೆ ಹಾಕುತ್ತೇನೆ, ಮಲಗುವ ಮೊದಲು ತೆಗೆಯುತ್ತೇನೆ. ಮೇ ಕೊನೆಗೆ ಬರುವ ಪತ್ತನಾಜೆಯ ಆಸುಪಾಸಿನಲ್ಲಿ ಮತ್ತು ನವರಾತ್ರಿ ಕಳೆದ ಮೇಲೆ ಬರುವ ಸಂಜೆ ಸಿಡಿಲಿಗೆ ಆಕಾಶ ಕಪ್ಪಾಯಿತು ಅಂದರೆ ಪ್ಲಗ್ ಕಿತ್ತಿಡುತ್ತೇನೆ. ಹೊಸದಾಗಿ ನೋಡುವವರು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಉಂಟಾ ಅಂತ ಕೇಳಿ. ಅಷ್ಟೇ ಶಕ್ತಿಗೆ ಅದರ ಭಾರ ಸ್ವಲ್ಪ ಜಾಸ್ತಿ. ಆದರೆ ಅದು ಸುಲಭಕ್ಕೆ ಕೆರಳುವುದಿಲ್ಲ, ಬಾಳಿಕೆಯೂ ಹೆಚ್ಚು.

ಮಳೆಗೆ ಗಾಡಿ ಜಗ್ಗಲಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ. ಬ್ಯಾಟರಿಗೆ ಐಪಿ67 ಅಂತ ಬರೆದಿರುತ್ತಾರಲ್ವಾ, ಅದರ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಪರೀಕ್ಷೆ ಮಾಡಿದ್ದಾರೆ ಅಂತ. ಅದನ್ನು ನಂಬಿ ತಗ್ಗು ಸೇತುವೆಯ ಮೇಲೆ ಹರಿಯುವ ನೀರಿಗೆ ಗಾಡಿ ಇಳಿಸಬಾರದು. ನೀರಿನ ಸೆಳೆತಕ್ಕೆ ಯಾವ ನಂಬರೂ ಇಲ್ಲ.

ಇನ್ನು ನನಗೆ ನಿಜಕ್ಕೂ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಈ ಗಾಡಿಗೆ ಕೀ ಇಲ್ಲ. ಕೀ ಹಾಕುವ ತೂತೇ ಇಲ್ಲ. ಮೊಬೈಲಿನ ಆ್ಯಪ್‌ನಿಂದ ಬ್ಲೂಟೂತ್ ಮೂಲಕ ತೆರೆಯಬೇಕು, ಇಲ್ಲವಾದರೆ ಸ್ಕ್ರೀನಿನಲ್ಲಿ ಪಾಸ್‌ಕೋಡ್ ಒತ್ತಬೇಕು. ಕೊಳ್ಳುವಾಗ ಇದನ್ನೇ ದೊಡ್ಡ ಅನುಕೂಲ ಅಂತ ತೋರಿಸಿದ್ದರು.

2024ರ ಜುಲೈ, ಆಟಿಯ ಜಡಿಮಳೆ. ಹಿಂದಿನ ರಾತ್ರಿ ಗಾಡಿಯ ಸಾಫ್ಟ್‌ವೇರ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿತ್ತು. ಬೆಳಿಗ್ಗೆ ಏನೂ ತೊಂದರೆ ಕಾಣಲಿಲ್ಲ. ಸಂಜೆ ಶಾಲೆ ಬಿಟ್ಟು ಬಂದರೆ ಪಾಸ್‌ಕೋಡ್ ಅಳಿಸಿಹೋಗಿದೆ. ಆ್ಯಪ್ ತೆರೆದರೆ ಮತ್ತೆ ಲಾಗಿನ್ ಆಗಬೇಕಂತೆ, ಅದಕ್ಕೆ ಓಟಿಪಿ ಬೇಕಂತೆ. ನಮ್ಮ ಶಾಲೆ ಇರುವ ತಗ್ಗಿಗೆ ನೆಟ್‌ವರ್ಕ್ ಬರುವುದಿಲ್ಲ. ಗುಡ್ಡೆ ಹತ್ತಿ ರಸ್ತೆಗೆ ಹೋದರೆ ಸಿಗುತ್ತದೆ. ಹತ್ತಿದೆ. ಓಟಿಪಿ ಬಂತು, ಲಾಗಿನ್ ಆಯಿತು. ಕೆಳಗೆ ಓಡಿ ಬಂದರೆ ಗಾಡಿಯ ಜೊತೆ ಜೋಡಿಸಲು ಇನ್ನೊಂದು ಓಟಿಪಿ ಬೇಕಂತೆ, ಅದೂ ಗಾಡಿ ಹತ್ತಿರ ಇರುವಾಗಲೇ. ಮೇಲೆ ನೆಟ್‌ವರ್ಕ್ ಇದೆ, ಗಾಡಿ ಇಲ್ಲ. ಕೆಳಗೆ ಗಾಡಿ ಇದೆ, ನೆಟ್‌ವರ್ಕ್ ಇಲ್ಲ. ಹ್ಯಾಂಡಲ್ ಲಾಕ್ ಆಗಿದೆ, ತಳ್ಳಿಕೊಂಡು ಹೋಗುವ ಹಾಗೂ ಇಲ್ಲ.

ಕೊನೆಗೆ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನ ಅಪ್ಪ ತಮ್ಮ ಪಿಕಪ್ ತಂದರು. ತೋಟದ ಕೆಲಸ ಮುಗಿಸಿ ಹೊರಟಿದ್ದ ಮೂವರು ಸೇರಿಕೊಂಡರು. ನಾಲ್ಕು ಜನ ಮಳೆಯಲ್ಲಿ ನೆನೆದುಕೊಂಡು ಅಷ್ಟು ಭಾರದ ಗಾಡಿಯನ್ನು ಎತ್ತಿ ಪಿಕಪ್‌ಗೆ ಹಾಕಿ ಗುಡ್ಡೆ ಹತ್ತಿಸಿದರು. ರಸ್ತೆಯಲ್ಲಿ ಎರಡೇ ನಿಮಿಷದಲ್ಲಿ ಗಾಡಿ ತೆರೆಯಿತು. ಆಗ ಗಂಟೆ ಆರೂವರೆ. ಬರುವ ದಾರಿಯಲ್ಲಿ ಒಂದು ಕಡೆ ರಸ್ತೆ ಬದಿಯ ಗುಡ್ಡದ ಬರೆ ಜರಿದಿತ್ತು. ಕತ್ತಲಲ್ಲಿ ಆ ಮಣ್ಣಿನ ಬದಿಯಿಂದ ಗಾಡಿ ದಾಟಿಸಿದ್ದು ಈಗಲೂ ನೆನಪಿಗೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ.

ಮರುದಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹಿಂದಿಗೆ ಒಂದು, ಇಂಗ್ಲಿಷಿಗೆ ಎರಡು, ಮಲಯಾಳಕ್ಕೆ ಮೂರು. ಕನ್ನಡಕ್ಕೆ ಯಾವ ನಂಬರೂ ಇಲ್ಲ. ಗಾಡಿಯ ನೋಂದಣಿ ಕೇರಳದ್ದು ಅಂತ ಕನ್ನಡ ಕೊಡಲಿಲ್ಲವಂತೆ. ನನಗೆ ಮಲಯಾಳ ಬರುತ್ತದೆ, ಕಷ್ಟವಾಗಲಿಲ್ಲ. ಆದರೆ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಓದಲು ಕನ್ನಡ ಮಾತ್ರ ಬರುವುದು. ಬ್ಯಾಟರಿ ಬಿಸಿಯಾಗಿದೆ ಅಂತ ಸ್ಕ್ರೀನಿನಲ್ಲಿ ಬಂದರೆ ಅವರಿಗೆ ಗೊತ್ತಾಗುವುದು ಹೇಗೆ? ಇನ್ನು ಕಸ್ಟಮರ್ ಕೇರ್‌ನವರು ಕೊಟ್ಟ ಸಲಹೆ, ನೆಟ್‌ವರ್ಕ್ ಇರುವ ಕಡೆ ಪಾರ್ಕ್ ಮಾಡಿ ಅಂತ. ನಾನು ಶಾಲೆಯನ್ನು ಎತ್ತಿ ಗುಡ್ಡೆಯ ಮೇಲೆ ಇಡಲು ಆಗುತ್ತದಾ?

ನನ್ನ ಗಾಡಿ ಓಡಬೇಕಾದರೆ ಎಲ್ಲೋ ದೂರದ ಒಂದು ಕಂಪ್ಯೂಟರ್ ಒಪ್ಪಿಗೆ ಕೊಡಬೇಕು ಅನ್ನುವುದು ನನಗೆ ಆ ದಿನ ಸರಿಯಾಗಿ ಅರ್ಥವಾಯಿತು. ದುಡ್ಡು ಪೂರ್ತಿ ಕೊಟ್ಟಿದ್ದೇನೆ, ಆರ್‌ಸಿ ನನ್ನ ಹೆಸರಿನಲ್ಲಿದೆ. ಆದರೂ ಅನುಮತಿ ಬೇಕು.

ಆಮೇಲೆ ಮಗಳನ್ನು ಕೂರಿಸಿಕೊಂಡು ಆ್ಯಪ್ ಪೂರ್ತಿ ಜಾಲಾಡಿದೆ. ಗಾಡಿ ಕೊಂಡ ದಿನದಿಂದ ಆದ ಓಡಾಟವೆಲ್ಲ ಅದರಲ್ಲಿತ್ತು. ಎಷ್ಟು ಗಂಟೆಗೆ ಮನೆಯಿಂದ ಹೊರಟೆ, ಎಲ್ಲಿ ಎಷ್ಟು ಹೊತ್ತು ನಿಂತೆ, ತವರಿಗೆ ಯಾವ ದಿನ ಹೋದೆ, ಎಲ್ಲ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಯಾವುದು ಅಂತ ಅದನ್ನು ನೋಡಿದವರಿಗೆ ಲೆಕ್ಕ ಹಾಕಲು ಐದು ನಿಮಿಷ ಸಾಕು. ಕಾಂಟ್ಯಾಕ್ಟ್‌ಗಳಿಗೂ ಮೈಕಿಗೂ ಅನುಮತಿ ತೆಗೆದುಕೊಂಡಿತ್ತು. ಎಲ್ಲ ತೆಗೆಸಿದೆ, ಗಾಡಿ ಏನೂ ತೊಂದರೆ ಇಲ್ಲದೆ ಓಡುತ್ತಿದೆ. ಅಂದರೆ ಆ ಅನುಮತಿ ಬೇಕೇ ಇರಲಿಲ್ಲ ಅಲ್ವಾ? ಹಳೆಯ ಓಡಾಟದ ಪಟ್ಟಿ ಅಳಿಸಿ ಅಂತ ಎರಡು ಸಲ ಇಮೇಲ್ ಮಾಡಿದೆ. 2023ರಲ್ಲಿ ಪಾಸಾದ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯಲ್ಲಿ ಅಳಿಸಿ ಅಂತ ಕೇಳುವ ಹಕ್ಕಿನ ಮಾತು ಇದೆ, ಆಗ ಅದು ಇನ್ನೂ ಜಾರಿಗೆ ಬಂದಿರದಿದ್ದರೂ ಅದನ್ನೂ ಬರೆದೆ. ಬಂದದ್ದು 'ನಿಮ್ಮ ದೂರು ದಾಖಲಾಗಿದೆ' ಅನ್ನುವ ಯಂತ್ರದ ಉತ್ತರ.

ಹೋದ ವರ್ಷ ಒಬ್ಬ ಫೋನ್ ಮಾಡಿದ. ನನ್ನ ಹೆಸರು, ಗಾಡಿಯ ನಂಬರು, ಕೊಂಡ ತಿಂಗಳು ಎಲ್ಲ ಸರಿಯಾಗಿ ಹೇಳಿದ. ಬ್ಯಾಟರಿ ಉಚಿತವಾಗಿ ಬದಲಿಸುತ್ತಾರೆ, ಈಗ ಬರುವ ಓಟಿಪಿ ಹೇಳಿ, ಒಂದು ಆ್ಯಪ್ ಕಳಿಸುತ್ತೇನೆ ಹಾಕಿಕೊಳ್ಳಿ ಅಂದ. ಸಂಶಯ ಬಂದು ಫೋನ್ ಇಟ್ಟೆ. ಆ ವಿವರ ಅವನಿಗೆ ಎಲ್ಲಿಂದ ಸಿಕ್ಕಿತೋ ದೇವರೇ ಬಲ್ಲ. ಇಂಥ ಕರೆ ಬಂದು ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಕೈ ದಾಟುತ್ತದೆ.

ಸರ್ವಿಸ್ ಬಗ್ಗೆ ಎರಡೇ ಮಾತು. ಬ್ರೇಕ್, ಟಯರ್, ಬೇರಿಂಗ್ ಎಲ್ಲ ನಮ್ಮ ಪೇಟೆಯ ಮೆಕ್ಯಾನಿಕ್ ಚೆನ್ನಾಗಿ ಮಾಡಿಕೊಡುತ್ತಾರೆ. ಆದರೆ ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಕೆಟ್ಟಾಗ ಅವರು ಕೈ ಚೆಲ್ಲಿದರು. "ಟೀಚರೇ, ನಾನು ಬಿಚ್ಚಿ ಕಟ್ಟಬಹುದು. ಆದ್ರೆ ಕಂಪನಿಯ ಲ್ಯಾಪ್‌ಟಾಪ್ ತಾಗಿಸದೆ ಇದು ಎದ್ದೇಳುವುದಿಲ್ಲ" ಅಂದರು. ಹತ್ತಿರದ ಸೆಂಟರ್ ಮುಚ್ಚಿತ್ತು. ಮಂಗಳೂರಿಗೆ ಟೆಂಪೋದಲ್ಲಿ ಕಳಿಸಿ 19 ದಿನ ಕಾದೆ. ವಾರಂಟಿಯಲ್ಲಿ ಹಣ ತೆಗೆದುಕೊಳ್ಳಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ಈಗ ಮೂರು ವರ್ಷ ಆದ ಮೇಲೆ ಹೊಸ ತಕರಾರು. ಆ್ಯಪ್‌ಗೆ ವರ್ಷ ವರ್ಷ ಚಂದಾ ಕಟ್ಟಬೇಕಂತೆ. ಕಟ್ಟದಿದ್ದರೆ ಮ್ಯಾಪ್ ಇಲ್ಲ, ಕಳ್ಳತನದ ಅಲಾರಂ ಇಲ್ಲ. ಅವು ಹೋದರೆ ಹೋಗಲಿ. ಬ್ಯಾಟರಿಯ ಆರೋಗ್ಯ ಎಷ್ಟು ಉಳಿದಿದೆ ಅಂತ ನೋಡುವುದನ್ನೂ ಚಂದಾದೊಳಗೆ ಸೇರಿಸಿದ್ದಾರೆ. ನನ್ನ ಬ್ಯಾಟರಿಯ ಸ್ಥಿತಿಯನ್ನು ನಾನು ಹಣ ಕೊಟ್ಟು ಕೇಳಬೇಕು. ಇದನ್ನು ನಾನು ಒಪ್ಪುವುದಿಲ್ಲ, ಕಟ್ಟಿಲ್ಲ.

ಸ್ಟಾಫ್ ರೂಮಿನಲ್ಲಿ ಮುಂದಿನ ಕಾಲದ ಸಾರಿಗೆಯ ಮಾತು ಬರುತ್ತಲೇ ಇರುತ್ತದೆ. ಡ್ರೈವರ್ ಇಲ್ಲದ ಕಾರು, ಹಾರುವ ಟ್ಯಾಕ್ಸಿ, ತಿರುವನಂತಪುರದಿಂದ ಕಾಸರಗೋಡಿಗೆ 530 ಕಿಲೋಮೀಟರ್‌ಗೆ ನಾಲ್ಕು ಗಂಟೆ ಅಂದ ಸಿಲ್ವರ್‌ಲೈನ್ ರೈಲು. 2023ರ ಏಪ್ರಿಲ್‌ನಲ್ಲಿ ವಂದೇ ಭಾರತ್ ಬಂತು, ಅದು ಎಂಟು ಗಂಟೆಯಲ್ಲಿ ತಿರುವನಂತಪುರ ಮುಟ್ಟಿಸುತ್ತದೆ, ಸಂತೋಷ. ಹೆದ್ದಾರಿ 66 ನಮ್ಮ ಕಡೆ ಆರು ಪಥವಾಯಿತು. ಇವೆಲ್ಲ ಕಡಲ ಬದಿಯಲ್ಲೇ ಉದ್ದಕ್ಕೆ ಹೋಗುತ್ತವೆ. ಅಲ್ಲಿಂದ ಗುಡ್ಡ ಹತ್ತಿ ಒಳಗೆ ಬರುವವರಿಗೆ ಸಂಜೆ ಏಳರ ಮೇಲೆ ಬಸ್ಸು ಸಿಗುವುದು ಕಷ್ಟ. ಓಟಿಪಿ ಬಾರದ ಊರಿಗೆ ಡ್ರೈವರ್ ಇಲ್ಲದ ಕಾರು ಬಂದರೆ ಅದು ಯಾರನ್ನು ಕೇಳಿಕೊಂಡು ತಿರುವು ತೆಗೆದುಕೊಳ್ಳುತ್ತದೆ? ನಮಗೆ ಮೊದಲು ಬೇಕಾದದ್ದು ರಾತ್ರಿ ಎಂಟಕ್ಕೊಂದು ಬಸ್ಸು ಮತ್ತು ಒಂದು ಟವರ್.

ಇಷ್ಟು ಹೇಳಿದ ಮೇಲೂ ಪೆಟ್ರೋಲ್ ಗಾಡಿಗೆ ವಾಪಸ್ ಹೋಗುತ್ತೀರಾ ಅಂದರೆ, ಇಲ್ಲ. ಮಗಳು ಮಂಗಳೂರಿನಲ್ಲಿ ಕಾಲೇಜಿಗೆ ಸೇರಿದ್ದಾಳೆ, ಅವಳಿಗೂ ಕರೆಂಟ್ ಸ್ಕೂಟರೇ ಬೇಕು. ಕಳೆದ ಶನಿವಾರ ನೋಡಲು ಹೋಗಿದ್ದೆವು. ಕೀ ಇರುವ ಮಾಡೆಲ್ ತೋರಿಸಿ ಅಂದೆ. ಒಂದಿತ್ತು, ಬ್ಯಾಟರಿಯೂ ಫಾಸ್ಫೇಟಿನದ್ದು. ಮಗಳಿಗೆ ಇಷ್ಟವಾಯಿತು. ಬ್ಯಾಟರಿ ಎಷ್ಟು ಸವೆದಿದೆ ಅನ್ನುವುದು ಆ್ಯಪ್ ಇಲ್ಲದೆ, ಚಂದಾ ಇಲ್ಲದೆ ಗಾಡಿಯ ಸ್ಕ್ರೀನಿನಲ್ಲೇ ಕಾಣುತ್ತದಾ, ಅದನ್ನು ಬರೆದು ಕೊಡುತ್ತೀರಾ ಅಂತ ಕೇಳಿದೆ. ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದರು. ಇನ್ನೂ ಫೋನ್ ಬಂದಿಲ್ಲ. ಅಲ್ಲಿಯವರೆಗೆ ಅವಳು ಬಸ್ಸಿನಲ್ಲಿ ಹೋಗುತ್ತಾಳೆ.