ಭಾನುವಾರದ ಆಟಕ್ಕೆ ಕಾರವಾರದಲ್ಲಿ ಕಡಲತೀರವೋ, ಬಡಾವಣೆಯ ಪಾರ್ಕೋ?

ಓಣಿಯವರೆಲ್ಲ ಸೇರಿ ವಾರಕ್ಕೊಮ್ಮೆ ಆಡೋಣ ಎಂದರೆ ಕಾರವಾರದಲ್ಲಿ ಮೊದಲು ನೆನಪಾಗುವುದು ಟ್ಯಾಗೋರ್ ಕಡಲತೀರ. ಜಾಗಕ್ಕೇನೂ ಬರವಿಲ್ಲ. ನೀರು ಇಳಿದ ಮೇಲೆ ಉಳಿಯುವ ಹಸಿ ಮರಳು ಗಟ್ಟಿ. ಕಬಡ್ಡಿ, ವಾಲಿಬಾಲ್ ಎರಡಕ್ಕೂ ಸೈ. ಮೇಲಿನ ಒಣ ಮರಳಲ್ಲಾದರೆ ಕಾಲು ಹೂತು ಐದೇ ನಿಮಿಷಕ್ಕೆ ಏದುಸಿರು.

ತೊಡಕಿರುವುದು ಹೊತ್ತಿನದು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಭಾನುವಾರ ಸಂಜೆ ಐದಕ್ಕೆ ಇಳಿತವಿದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ನಿಮ್ಮ ಅಂಕಣದ ಮೇಲೆ ಅಲೆ! ಎರಡು ವಾರಕ್ಕೆ ಇಳಿತ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮರಳುವುದರಿಂದ, ವಾರ ಬಿಟ್ಟು ವಾರ ಸೇರುವವರಿಗೆ ಈ ತಕರಾರು ಹೆಚ್ಚು ಕಾಡದು. ಮಳೆಗಾಲದಲ್ಲಂತೂ ಅತ್ತ ಆಟ ಬೇಡವೇ ಬೇಡ.

ಪಾರ್ಕು ಚಿಕ್ಕದು, ಚೆಂಡು ಜೋರಾಗಿ ಹೊಡೆದರೆ ಯಾರದೋ ಅಂಗಳಕ್ಕೆ, ಆಮೇಲೆ ಬೈಗುಳವೂ ಪುಕ್ಕಟೆ. ಆದರೆ ಅಜ್ಜಿಯಂದಿರು ನಡೆದೇ ಬರುತ್ತಾರೆ, ಕೂರಲು ಬೆಂಚಿದೆ. ಉದ್ಯಾನ, ಆಟದ ಬಯಲುಗಳ ರಕ್ಷಣೆಗೆ 1985ರ ರಾಜ್ಯ ಕಾಯ್ದೆಯೇ ಇದೆ. ಮೈಕು, ಪೆಂಡಾಲು ಹಾಕುವ ಮುನ್ನ ನಗರಸಭೆಯಲ್ಲಿ ವಿಚಾರಿಸಿ.

ಹುಡುಗರ ತಂಡವಷ್ಟೇ ಇದ್ದರೆ ಕಡಲತೀರಕ್ಕೆ ಹೋಗಿ. ಮೊಮ್ಮಕ್ಕಳಿಂದ ಅಜ್ಜಂದಿರವರೆಗೆ ಎಲ್ಲರೂ ಬರಬೇಕೆಂದರೆ ನನ್ನ ಮತ ಪಾರ್ಕಿಗೆ.