ಗಾಳಿಬೀಡಿನ ಮಳೆಯಲ್ಲಿ ಐದು ಹಳೆಯ ಯಂತ್ರಗಳು

1986ರ ಮಳೆಗಾಲದಲ್ಲಿ ಹಡಗಿನ ಕೆಲಸದಿಂದ ರಜೆಗೆ ಬಂದ ಚಿಕ್ಕಪ್ಪನ ಟ್ರಂಕಿನಲ್ಲಿ ಮಡಿಸಿದ ಬಟ್ಟೆಗಳ ನಡುವೆ ಒಂದು ಕಪ್ಪು ಹಲಗೆ ಇತ್ತು. ರಬ್ಬರಿನ ಗುಂಡಿಗಳು, ಮೂಲೆಯಲ್ಲಿ ಓರೆಯಾಗಿ ಬಣ್ಣದ ಪಟ್ಟಿ. ಸಿಂಕ್ಲೇರ್ ಕಂಪನಿಯ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರ್, 48 ಕೆ ಮೆಮೊರಿಯದು. ಜೊತೆಯಲ್ಲಿ ತಂದ ಪುಟ್ಟ ಬಣ್ಣದ ಟಿವಿಗೂ ನಮ್ಮ ಟೇಪ್ ರೆಕಾರ್ಡರಿಗೂ ಅದನ್ನು ಜೋಡಿಸಿ ಕ್ಯಾಸೆಟ್ ಹಾಕಿದರೆ ಮೊದಲು ಒಂದೇ ಸಮನೆ ಉದ್ದನೆಯ ಕೂಗು, ಆಮೇಲೆ ತಗಡು ಗೀಚಿದಂಥ ಕಿರುಚಾಟ. ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಗೆರೆಗಳು ಓಡಿ, ಬಳಿಕ ಹಳದಿ ಮತ್ತು ನೀಲಿ. ಒಳಗಿನ ಕೋಣೆಯಿಂದ ಅಜ್ಜಿ ಕೂಗಿ ಹೇಳಿದರು: "ದೀಪ ಹಚ್ಚುವ ಹೊತ್ತಿನಲ್ಲಿ ಇದೆಂಥ ಗೋಳು ಮಾರಾಯ, ನಿಲ್ಲಿಸು ಅದನ್ನು!"

ಕ್ಯಾಸೆಟ್ಟಿನಿಂದ ಒಂದು ಆಟ ಪೂರ್ತಿ ಯಂತ್ರದ ಒಳಸೇರಲು ನಾಲ್ಕೈದು ನಿಮಿಷ ಬೇಕು. ಮಡಿಕೇರಿ ಬಳಿಯ ನಮ್ಮ ಗಾಳಿಬೀಡಿನ ಜುಲೈ ತಿಂಗಳಿನಲ್ಲಿ ಕರೆಂಟು ಹೋಗುವುದು ಸರಿಯಾಗಿ ನಾಲ್ಕನೆಯ ನಿಮಿಷಕ್ಕೆ. ಮತ್ತೆ ಮೊದಲಿನಿಂದ ಗೋಳು. ಹಳೆಯ ಆಟಗಳ ಸಂಗೀತ ಎಂದರೆ ನನಗೆ ಇಂದಿಗೂ ಮೊದಲು ಕೇಳಿಸುವುದು ಆ ಕ್ಯಾಸೆಟ್ಟಿನ ಕೂಗು. ಅದನ್ನು ಯಾರೂ ಸಂಗೀತವೆಂದು ಬರೆದದ್ದಲ್ಲ ಎನ್ನುವುದು ಬೇರೆ ಮಾತು.

ಈ ವರ್ಷ ಕಕ್ಕಡ ತಿಂಗಳಿನಲ್ಲಿ, ತೋಟದ ಕೆಲಸವೆಲ್ಲ ಮಳೆಗೆ ನಿಂತು ಮನೆಯೊಳಗೇ ಕುಳಿತಿರಬೇಕಾದ ಎರಡು ವಾರ, ಒಂದು ಹಠ ಹುಟ್ಟಿತು. ಚಿಕ್ಕಂದಿನಲ್ಲಿ ಅಂಜಿಸಿದ ಆಟಗಳನ್ನೂ, ಆಗ ಬರೀ ಪತ್ರಿಕೆಗಳಲ್ಲಿ ಚಿತ್ರ ನೋಡಿ ಆಸೆಪಟ್ಟ ಕೆಲವನ್ನೂ ಒಂದೇ ಕೋಣೆಯಲ್ಲಿ ಆಡಿ ನೋಡಬೇಕು. ರಾತ್ರಿ ಹತ್ತರ ನಂತರ, ದೀಪ ಆರಿಸಿ, ಮೇಲೆ ಮಂಗಳೂರು ಹಂಚಿನ ಮೇಲೆ ಮಳೆ ಬೀಳುತ್ತಿರುವಾಗ. ಹೆಚ್ಚಿನವು ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ. ಕಾಮೊಡೋರ್ 64 ಎಂಬ ಕಂಪ್ಯೂಟರ್ ಮಾತ್ರ ಅಸಲಿ. ಮೈಸೂರಿನ ಸ್ನೇಹಿತರೊಬ್ಬರು ಒಂದು ವಾರದ ಮಟ್ಟಿಗೆ ಕೊಟ್ಟಿದ್ದರು. ಯಾವುದು ಹೆಚ್ಚು ಹೆದರಿಸುತ್ತದೆ ಎನ್ನುವುದೊಂದೇ ಪ್ರಶ್ನೆ. ಚಿತ್ರ ಚೆನ್ನಾಗಿದೆಯೇ, ಆಟ ಕಷ್ಟವೇ ಎಂಬುದಕ್ಕೆಲ್ಲ ಅಂಕ ಇಲ್ಲ.

ಸ್ಪೆಕ್ಟ್ರಮ್‌ನಿಂದಲೇ ಆರಂಭಿಸಿದೆ, ಹಳೆಯ ಋಣ. 48 ಕೆ ಮಾದರಿಯಲ್ಲಿ ಇದ್ದದ್ದು ಬೀಪರ್ ಎಂಬ ಸಣ್ಣದೊಂದು ಸ್ಪೀಕರ್. ಅದಕ್ಕೆ ಗೊತ್ತಿರುವುದು ಎರಡೇ ಸ್ಥಿತಿ, ಒತ್ತು ಅಥವಾ ಬಿಡು. ಸ್ವರ ಬೇಕೆಂದರೆ ಮುಖ್ಯ ಪ್ರೊಸೆಸರೇ ಕುಳಿತು ಅದನ್ನು ಒತ್ತಿ ಬಿಟ್ಟು ಮಾಡಬೇಕು. ಅಷ್ಟು ಹೊತ್ತು ಬೇರೆ ಕೆಲಸ ನಿಲ್ಲುತ್ತದೆ. 1983ರ 'ಮ್ಯಾನಿಕ್ ಮೈನರ್'ನಲ್ಲಿ ಮ್ಯಾಥ್ಯೂ ಸ್ಮಿತ್ ಆಟ ನಡೆಯುತ್ತಿರುವಾಗಲೇ ನಾರ್ವೆಯ ಸಂಗೀತಗಾರ ಗ್ರೀಗ್‌ನ ಒಂದು ರಾಗವನ್ನು ಚೂರು ಚೂರಾಗಿ ತುರುಕಿದ. ಸುರಂಗದೊಳಗೆ ಗಾಳಿ ಮುಗಿಯುತ್ತಾ ಬರುತ್ತದೆ, ಕೆಳಗಿನ ಪಟ್ಟಿ ಕುಗ್ಗುತ್ತದೆ, ಆ ಕೀರಲು ರಾಗ ಮಾತ್ರ ಮುಗಿಯುವುದೇ ಇಲ್ಲ. ಹತ್ತು ವರ್ಷದವನಿಗೆ ಇದು ಉಸಿರು ಕಟ್ಟಿಸುತ್ತಿತ್ತು. ಈಗ? ಹತ್ತು ನಿಮಿಷಕ್ಕೆ ತಲೆನೋವು. ಜಡಿಮಳೆಯನ್ನೂ ಸೀಳಿಕೊಂಡು ಕೇಳಿಸುವ ಧ್ವನಿ ಐದರಲ್ಲಿ ಇದೊಂದೇ ಎನ್ನುವ ಹೊಗಳಿಕೆ ಇದಕ್ಕೆ ಸಲ್ಲಬೇಕು, ಆದರೆ ಸೊಳ್ಳೆಯೂ ಹಾಗೆಯೇ ಕೇಳಿಸುತ್ತದೆ. ಸೋತಾಗ ಮೇಲಿನಿಂದ ದೊಡ್ಡ ಬೂಟು ಇಳಿದು ನಾಯಕನನ್ನು ಹೊಸಕುವ ದೃಶ್ಯಕ್ಕೆ ನಗು ಬಂತು.

ಅಮಿಗಾ ಎಂಬ ಕಂಪ್ಯೂಟರಿನ ಮೇಲೆ ನನಗೆ ಬೆಟ್ಟದಷ್ಟು ನಿರೀಕ್ಷೆ ಇತ್ತು. 1989ರ 'ಶ್ಯಾಡೋ ಆಫ್ ದ ಬೀಸ್ಟ್', ಸಂಗೀತ ಡೇವಿಡ್ ವಿಟ್ಟೇಕರ್. ಅಮಿಗಾದ ಪೌಲಾ ಚಿಪ್ ನಾಲ್ಕು ವಾಹಿನಿಗಳಲ್ಲಿ 8 ಬಿಟ್‌ನ ಧ್ವನಿಮುದ್ರಿತ ತುಣುಕುಗಳನ್ನು ನುಡಿಸುತ್ತದೆ, ಎರಡು ಎಡಕ್ಕೆ, ಎರಡು ಬಲಕ್ಕೆ. ಬಯಲಿನ ಹಿಂದೆ ಬೆಟ್ಟ, ಬೆಟ್ಟದ ಹಿಂದೆ ಮೋಡ, ಒಂದೊಂದೂ ಒಂದೊಂದು ವೇಗದಲ್ಲಿ ಸರಿಯುತ್ತದೆ; ಅದರ ಮೇಲೆ ಕೊಳಲಿನಂಥ ಸ್ವರ. ಬಹಳ ಚೆಂದ. ಮಾಂದಲಪಟ್ಟಿಯಲ್ಲಿ ಮೋಡ ತೆರೆದಾಗ ಜೀಪಿನಿಂದ ಇಳಿದು ಫೋಟೊ ತೆಗೆಸಿಕೊಳ್ಳುವವರ ಮುಖದಲ್ಲಿ ಇರುವಂಥ ಚೆಂದ. ಹೆದರಿಕೆ ಎಳ್ಳಷ್ಟೂ ಇಲ್ಲ. ಸಂಗೀತ ಒಂದು ಕ್ಷಣವೂ ಬಾಯಿ ಮುಚ್ಚುವುದಿಲ್ಲ, ಅದೇ ತೊಂದರೆ ಎನಿಸಿತು. ಒಂದೇ ರಾತ್ರಿಗೆ ಮುಗಿಸಿದೆ.

ಇನ್ನು ನಮ್ಮ ಪೀಳಿಗೆಯ ಭಾರತೀಯರೆಲ್ಲರಿಗೂ ಗೊತ್ತಿರುವ ರಾಜಕುಮಾರ. ಮಡಿಕೇರಿಯ ಒಂದು ಕಂಪ್ಯೂಟರ್ ತರಗತಿಯಲ್ಲಿ 1995ರ ಸುಮಾರಿಗೆ ಲೋಟಸ್ ಎಂಬ ಲೆಕ್ಕಪಟ್ಟಿಯ ತಂತ್ರಾಂಶ ಕಲಿಸುತ್ತೇವೆಂದು ಶುಲ್ಕ ಪಡೆದು, ಮೇಷ್ಟ್ರು ಚಹಾಕ್ಕೆ ಹೋದೊಡನೆ ಎಲ್ಲ ಪರದೆಗಳಲ್ಲೂ ಬಿಳಿ ಪೈಜಾಮದ ಒಬ್ಬನೇ ಓಡುತ್ತಿದ್ದ. 'ಪ್ರಿನ್ಸ್ ಮೆಗಾಹಿಟ್' ಎಂದು ಟೈಪ್ ಮಾಡಿದರೆ ಹಂತಗಳನ್ನು ಹಾರಬಹುದು ಎಂಬ ಮಂತ್ರ ಬಾಯಿಂದ ಬಾಯಿಗೆ ಹರಿದಿತ್ತು. ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ 2 ಯಂತ್ರಕ್ಕೆ ಮಾಡಿದ 'ಪ್ರಿನ್ಸ್ ಆಫ್ ಪರ್ಶಿಯಾ' ಮರುವರ್ಷ ಪಿಸಿಗಳ ಡಾಸ್‌ಗೆ ಬಂತು. ಸಂಗೀತ ಅವರ ತಂದೆ ಫ್ರಾನ್ಸಿಸ್ ಮೆಕ್ನರ್ ಅವರದು. ತರಗತಿಯ ಯಂತ್ರಗಳಲ್ಲಿ ಸೌಂಡ್ ಕಾರ್ಡ್ ಇರಲಿಲ್ಲ, ಡಬ್ಬದೊಳಗಿನ ಪಿಸಿ ಸ್ಪೀಕರ್ ಅಷ್ಟೇ. ಈಗ ಎಮ್ಯುಲೇಟರಿನಲ್ಲಿ ಆಡ್‌ಲಿಬ್ ಕಾರ್ಡಿನ ಧ್ವನಿ ಆರಿಸಿ ಕೇಳಿದೆ. ರಾಗ ತುಂಬಿಕೊಂಡಿತು, ಆದರೆ ನನಗೆ ಬೇಕಾದದ್ದು ಸಿಗಲಿಲ್ಲ. ಮತ್ತೆ ಪಿಸಿ ಸ್ಪೀಕರಿಗೇ ಮರಳಿದೆ.

ಈ ಆಟದಲ್ಲಿ ಸಂಗೀತ ಇರುವುದು ನಾಲ್ಕು ಸ್ವರದ ಚುಟುಕಾಗಿ, ಎಲ್ಲೋ ಒಮ್ಮೊಮ್ಮೆ. ಉಳಿದಂತೆ ಹೆಜ್ಜೆ, ಬಾಗಿಲು ಮೇಲೇರುವಾಗಿನ ಕಿರಿಕಿರಿ, ಕಾಲಿಟ್ಟರೆ ಅಲುಗಾಡುವ ಸಡಿಲ ಚಪ್ಪಡಿ. ಮೂರನೆಯ ಹಂತದಲ್ಲಿ ಬಿದ್ದಿದ್ದ ಎಲುಬಿನ ಗೂಡು ಎದ್ದು ಕತ್ತಿ ಹಿಡಿಯುತ್ತದೆ. ನಾಲ್ಕನೆಯದರಲ್ಲಿ, ಬಂದ ದಾರಿಯಲ್ಲೇ ಮರಳಿದರೆ ಮೊದಲು ಇಲ್ಲದ ಕಡೆ ಒಂದು ಕನ್ನಡಿ ನಿಂತಿರುತ್ತದೆ. ಅದರೊಳಗೆ ನುಗ್ಗಿ ಹಾರಿದರೆ ಅತ್ತ ಕಡೆಯಿಂದ ನಮ್ಮದೇ ನೆರಳು ಇಳಿದು ಓಡಿಹೋಗುತ್ತದೆ, ನಮಗೆ ಉಳಿಯುವುದು ಒಂದೇ ಗುಟುಕು ಜೀವ. ಐವತ್ತರ ಹತ್ತಿರ ಬಂದ ನಾನು ಈ ಸಲವೂ ಆ ಕನ್ನಡಿಯ ಮುಂದೆ ಸ್ವಲ್ಪ ನಿಂತೆ. 60 ನಿಮಿಷದ ಗಡುವು ಓಡುತ್ತಿದ್ದರೂ ನಿಂತೆ.

ಕಾಮೊಡೋರ್ ಬಂದಾಗ ಮೊದಲು ಮಾಡಿದ ಕೆಲಸ ಅದರ ಇಟ್ಟಿಗೆಯಂಥ ಹಳೆಯ ವಿದ್ಯುತ್ ಅಡಾಪ್ಟರನ್ನು ಪಕ್ಕಕ್ಕೆ ಇಟ್ಟದ್ದು. ಅದು ಕೆಟ್ಟರೆ 5 ವೋಲ್ಟಿನ ಜಾಗದಲ್ಲಿ ಹೆಚ್ಚು ವೋಲ್ಟು ಹರಿದು ಚಿಪ್‌ಗಳು ಸುಟ್ಟುಹೋಗುವುದು ಎಲ್ಲರಿಗೂ ತಿಳಿದ ಪಿಡುಗು. ಬೇರೆಯವರ ವಸ್ತು, ಹೊಸದು ತರಿಸಿದೆ. ಹಾಕಿದ ಆಟ 1983ರ 'ಫರ್ಬಿಡನ್ ಫಾರೆಸ್ಟ್'. ಪಾಲ್ ನಾರ್ಮನ್ ಒಬ್ಬರೇ ಕುಳಿತು ಆಟವನ್ನೂ ಬರೆದು ಸಂಗೀತವನ್ನೂ ಕಟ್ಟಿದರು. ಇಟ್ಟಿಗೆ ಜೋಡಿಸಿದಂಥ ಒರಟು ಬಿಲ್ಲುಗಾರ, ಹಿಂದೆ ಮರಗಳ ಸಾಲು. ಹೊತ್ತು ಮುಳುಗುತ್ತದೆ, ಚಂದ್ರ ಏರುತ್ತಾನೆ, ಆಳೆತ್ತರದ ಜೇಡಗಳು ಬರುತ್ತವೆ. ಪ್ರತಿ ಬಾಣವನ್ನೂ ಹೂಡಿ ಆಮೇಲೆ ಬಿಡಬೇಕು, ಆ ಅರೆಕ್ಷಣದಲ್ಲೇ ಜೇಡ ಹತ್ತಿರವಾಗಿರುತ್ತದೆ. ಗೆದ್ದರೆ ಬಿಲ್ಲುಗಾರ ಕುಣಿಯುತ್ತಾನೆ. ಇಂಥ ಕಾಡಿನಲ್ಲಿ ಕುಣಿತ ಯಾಕಪ್ಪ ಎಂದು ಕೇಳಬೇಡಿ, ನನಗೂ ಅದು ಹುತ್ತರಿ ಕೋಲಾಟಕ್ಕೆ ತಪ್ಪಿ ಬೇರೆ ದಿನ ಬಂದವನ ಹಾಗೆ ಕಂಡಿತು.

ಆದರೆ ಧ್ವನಿ! ಬಾಬ್ ಯಾನ್ಸ್ ರೂಪಿಸಿದ, ಕಾಮೊಡೋರಿನ ಧ್ವನಿ ಹೊರಡಿಸುವ ಸಿಡ್ ಚಿಪ್‌ಗೆ ಮೂರೇ ಕಂಠ, ಜೊತೆಗೆ ಸ್ವರವನ್ನು ಸೋಸುವ ಒಂದು ಫಿಲ್ಟರ್. ಹಳೆಯ 6581 ಮಾದರಿಯಲ್ಲಿ ಆ ಫಿಲ್ಟರ್ ಒಂದು ಚಿಪ್‌ನಂತೆ ಇನ್ನೊಂದರಲ್ಲಿ ಇರುವುದಿಲ್ಲ. ಹೋಲಿಸಲೆಂದು ಎಮ್ಯುಲೇಟರಿನಲ್ಲಿ ನಂತರದ 8580 ಮಾದರಿಯನ್ನು ಆರಿಸಿದೆ: ಸ್ವರ ತೊಳೆದಿಟ್ಟ ಲೋಟದಂತೆ ಸ್ವಚ್ಛ. ಅಸಲಿ 6581ರಲ್ಲಿ ಅದೇ ಸ್ವರ ಕಂಬಳಿ ಹೊದ್ದು ಬಂದಂತೆ. ಇನ್ನೊಂದು ಗುಣ ಎಮ್ಯುಲೇಟರಿನಲ್ಲಿ ನನಗೆ ಕೇಳಿಸಿರಲೇ ಇಲ್ಲ. ಈ ಚಿಪ್ ಏನನ್ನೂ ನುಡಿಸದಿರುವಾಗಲೂ ಸುಮ್ಮನಿರುವುದಿಲ್ಲ, ಸಣ್ಣಗೆ ಹಿಸ್ಸೆನ್ನುತ್ತಿರುತ್ತದೆ. ಹಂಚಿನ ಮೇಲಿನ ಮಳೆ ಜಿನುಗಿಗೆ ಇಳಿದಾಗ ಎರಡೂ ಒಂದೇ ಸದ್ದಾದವು. ರಾಗ ನಿಂತಿತೋ, ಮಳೆ ನಿಂತಿತೋ ತಿಳಿಯದೆ ನಾನು ಒಮ್ಮೆ ಟಿವಿಯ ಬದಲು ಕಿಟಕಿಯ ಕಡೆ ತಿರುಗಿದೆ. ಹೊರಗೆ ಸಿಲ್ವರ್ ಓಕ್ ಮರಗಳು, ಮಂಜು, ಅಷ್ಟೇ. ಆದರೂ ತಿರುಗಿದ್ದು ತಿರುಗಿದ್ದೇ.

ಹಾಗಾದರೆ ಕಾಮೊಡೋರ್ ಗೆದ್ದಿತು ಎಂದು ಡೈರಿಯಲ್ಲಿ ಬರೆದೂ ಇಟ್ಟಿದ್ದೆ. ಕೊನೆಗೆ ಉಳಿದದ್ದು ಜೆಡ್‌ಎಕ್ಸ್ 81, ಸ್ಪೆಕ್ಟ್ರಮ್‌ಗಿಂತ ಮೊದಲಿನ ಸಿಂಕ್ಲೇರ್ ಕಂಪ್ಯೂಟರ್, ಹಾಜರಿ ಹಾಕಿಸಲೆಂದು ಆಡಿದ್ದು. ಈ ಯಂತ್ರಕ್ಕೆ ಧ್ವನಿಯೇ ಇಲ್ಲ, ಬೀಪರ್ ಕೂಡ ಇಲ್ಲ. ಬಣ್ಣವೂ ಇಲ್ಲ. ಮಾಲ್ಕಮ್ ಇವಾನ್ಸ್ 1981ರಲ್ಲಿ ಬರೆದ '3ಡಿ ಮಾನ್ಸ್ಟರ್ ಮೇಜ್' 16 ಕೆ ಮೆಮೊರಿಯಲ್ಲಿ ಕೂರುತ್ತದೆ: ಕಪ್ಪು ಬಿಳುಪು ಗೋಡೆಗಳ ಚಕ್ರವ್ಯೂಹ, ಒಳಗೆಲ್ಲೋ ಒಂದು ಟೈರನೊಸಾರಸ್. ಅದು ಎಲ್ಲಿದೆ ಎಂದು ಪರದೆಯ ಅಕ್ಷರಗಳು ಮಾತ್ರ ಹೇಳುತ್ತವೆ. ರೆಕ್ಸ್ ಹೊಂಚು ಹಾಕಿದೆ. ನಿನ್ನನ್ನು ಹುಡುಕುತ್ತಿದೆ. ಹೆಜ್ಜೆಗಳು ಹತ್ತಿರ ಬರುತ್ತಿವೆ.

ಆ ರಾತ್ರಿ ಗಾಳಿಗೆ ಒಂದು ಹಂಚು ಸರಿದು ಕೋಣೆಯ ಮೂಲೆಯಲ್ಲಿ ಸೋರುತ್ತಿತ್ತು. ಕೆಳಗೆ ಹಿತ್ತಾಳೆಯ ಚೊಂಬು ಇಟ್ಟಿದ್ದೆವು. ಟಪ್. ಸ್ವಲ್ಪ ಹೊತ್ತು ಬಿಟ್ಟು ಟಪ್. ಮೂರನೆಯ ವಾಕ್ಯ ಮೂಡಿದ ಗಳಿಗೆಯಲ್ಲೇ ಗಾಳಿ ಬೀಸಿ ಹನಿಗಳು ಚುರುಕಾದವು, ಟಪ್ ಟಪ್ ಟಪ್. ನಾನು ಎಡಕ್ಕೆ ತಿರುಗುವ ಗುಂಡಿ ಒತ್ತಿದೆ, ಉದ್ದನೆಯ ಓಣಿಯ ತುದಿಯಲ್ಲಿ ಅದು ನಿಂತಿತ್ತು, ಒರಟು ಚೌಕಗಳ ಹಲ್ಲು ಬಿಟ್ಟುಕೊಂಡು. ಲ್ಯಾಪ್‌ಟಾಪ್ ಮುಚ್ಚಿಯೇ ಬಿಟ್ಟೆ. ಡೈರಿಯಲ್ಲಿ ಕಾಮೊಡೋರಿನ ಹೆಸರು ಹೊಡೆದು ಹಾಕಿದೆ.

ಮರುದಿನ ಮಳೆ ಬಿಟ್ಟ ಒಂದು ಗಂಟೆಯಲ್ಲಿ ತೋಟದ ಕೆಲಸದವರೊಬ್ಬರು ಏಣಿ ಹಾಕಿ ಹಂಚು ಕೂರಿಸಿದರು. ರಾತ್ರಿ ಮತ್ತೆ ಆಡಿದೆ. ಅದೇ ಓಣಿ, ಅದೇ ವಾಕ್ಯಗಳು. ಒಂದೂ ತಾಗಲಿಲ್ಲ. ಚೊಂಬು ಆಗಲೇ ಅಡುಗೆಮನೆಗೆ ಹೋಗಿತ್ತು.