ಕ್ಯಾಮಲ್ ವಾಟರ್ ಕಲರ್ ಕೇಕ್: ಶುರು ಮಾಡಲು ಇಷ್ಟು ಸಾಕು

ನಮ್ಮೂರ ತೇರಿನ ಚಿತ್ರ ಬರೆಯುವ ಆಸೆ ತುಂಬಾ ಹಳೆಯದು. ‘ನನಗೆಲ್ಲಿ ಬರುತ್ತೆ’ ಎಂದು ಮುಂದಕ್ಕೆ ಹಾಕುತ್ತಲೇ ಇದ್ದೆ. ಮಗಳ ಶಾಲೆಗೆಂದು ತಂದ, 12 ಬಣ್ಣದ ಒಣ ಬಿಲ್ಲೆಗಳಿರುವ (ಅದೇ ‘ಕೇಕ್’) ಈ ಡಬ್ಬಿ ಆ ಭಯ ಬಿಡಿಸಿತು. ಟ್ಯೂಬ್ ಹಿಂಡಿ ಬಣ್ಣ ವೇಸ್ಟ್ ಆಗುವ ಚಿಂತೆ ಇಲ್ಲ. ಒದ್ದೆ ಬ್ರಷ್ ತಾಗಿಸಿದರೆ ಕೆಲಸ ಶುರು. ಒಣಗಿದ ಬಣ್ಣ ನಾಳೆಯೂ ನೀರಿಗೆ ಕರಗುತ್ತದೆ. ಮಕ್ಕಳಿಗೆಂದು ಮಾಡಿದ್ದು, ಕಲಾವಿದರ ಬಣ್ಣದಷ್ಟು ಗಾಢ ಅಲ್ಲ. ಆದರೂ ತೇರಿನ ಕೆಂಪು ಬಟ್ಟೆಗೆ ಎರಡನೇ ಸಲ ಹಚ್ಚಿದಾಗ ಎಷ್ಟು ಚೆನ್ನಾಗಿ ಬಂತು! ಚಕ್ರಗಳು ಮುಗಿದಿವೆ, ಕಳಸ ಬಾಕಿ.

ಕಾಗದದಲ್ಲಿ ಮಾತ್ರ ಜಿಪುಣತನ ಬೇಡ. ತೆಳು ಡ್ರಾಯಿಂಗ್ ಶೀಟ್ ನೀರಿಗೆ ಸುಕ್ಕಾಗುತ್ತದೆ, ಮನಸ್ಸೂ ಮುದುಡುತ್ತದೆ. 300 ಜಿಎಸ್‌ಎಂ (ಒಂದು ಚದರ ಮೀಟರ್‌ಗೆ 300 ಗ್ರಾಂ ತೂಗುವ) ದಪ್ಪ ಹಾಳೆ ತಂದು ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿಕೊಳ್ಳಿ. ಚಿಕ್ಕ ಹಾಳೆ ಕೆಟ್ಟರೆ ಅಷ್ಟೇನೂ ನಷ್ಟವಿಲ್ಲ, ಅಲ್ವಾ? ಬಿಳಿ ಬೇಕಾದ ಕಡೆ ಕಾಗದವನ್ನು ಸುಮ್ನೆ ಖಾಲಿ ಬಿಡಿ.